ಓನರಮ್ಮನ ಲೆಕ್ಕದ ಪುಸ್ತಕ

ಹನುಮಂತನಗರದಲ್ಲಿ ನಮ್ಮ ಸೋದರತ್ತೆಯದೊಂದು ವಠಾರವಿತ್ತು. ಮುಂದೆ ಅವರ ಮನೆ, ಪಕ್ಕದ ಓಣಿಯಲ್ಲಿ ಸಾಲಾಗಿ ಆರು ಮನೆ, ಕೊನೆಯಲ್ಲಿ ಎರಡು ಕಕ್ಕಸು, ನಡುವೆ ಒಂದೇ ಒಂದು ನಲ್ಲಿ. ಬೇಸಿಗೆ ರಜೆಗೆ ಹೋದ ನಮಗೆ ಕಾಣುತ್ತಿದ್ದುದು ಆ ನಲ್ಲಿಯ ಮುಂದಿನ ಬಿಂದಿಗೆ ಸಾಲು, ಅದರ ಸುತ್ತಲಿನ ಜಗಳ. ಅತ್ತೆಗೆ ಕಾಣುತ್ತಿದ್ದುದು ಬೇರೆ. ದೇವರ ಗೂಡಿನ ಕೆಳಗೆ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದಿತ್ತು, ಮನೆಗೊಂದು ಪುಟ. ಬಾಡಿಗೆ ಬಂದ ತಾರೀಖು, ಕರೆಂಟಿನ ಸಬ್‌ಮೀಟರ್ ರೀಡಿಂಗು, ಸುಣ್ಣ ಹೊಡೆಸಿದ ವರ್ಷ, ಹೆಂಚು ಬದಲಾಯಿಸಿದ ಖರ್ಚು, ಮನೆ ಖಾಲಿ ಬಿದ್ದ ದಿನಗಳು. ಈ ಖಾಲಿ ದಿನಗಳನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು.

ಆರು ಮನೆಯ ಬಾಡಿಗೆಯಲ್ಲಿ ಇಬ್ಬರು ಮಕ್ಕಳನ್ನು ಓದಿಸಿದರು, ಒಬ್ಬಳ ಮದುವೆ ಮಾಡಿದರು. ‘ರಿಯಲ್ ಎಸ್ಟೇಟ್’ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ವಠಾರದವರಿಗೆಲ್ಲ ಅವರು ಓನರಮ್ಮ, ಅಷ್ಟೇ. ಆ ಜಾಗಕ್ಕೆ ಮುಂದೆ ಕೋಟಿ ಬೆಲೆ ಬರುತ್ತದೆಂದು ಅವರು ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ. ಬಂತು, ಅದು ಬೇರೆ ಮಾತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ನನ್ನ ತಂಗಿಯ ಮಗ ಮನೆಗೆ ಬಂದ. ಸಾಫ್ಟ್‌ವೇರ್ ಕೆಲಸ, ಮೂವತ್ತರ ಅಂಚು. “ಮಾಮ, ಒಂದು ಪ್ರಾಪರ್ಟಿ ಮಾಡ್ಬೇಕು” ಅಂದ. ಬೆಂಗಳೂರಿನಲ್ಲಿ ಪ್ರಾಪರ್ಟಿಯನ್ನು ಯಾರೂ ಕೊಳ್ಳುವುದಿಲ್ಲ, ‘ಮಾಡುತ್ತಾರೆ’. ಮೊಬೈಲಿನಲ್ಲಿ ಒಂದು ಬಣ್ಣದ ಬ್ರೋಷರು ತೋರಿಸಿದ. ದೇವನಹಳ್ಳಿಯ ಆಚೆಗೊಂದು ಬಡಾವಣೆ, 30x40 ಸೈಟು, ವಿಮಾನ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ, ಕಮಾನು ಬಾಗಿಲು, ಸಾಲು ತಾಳೆ ಮರ.

“ಐದು ವರ್ಷಕ್ಕೆ ಡಬಲ್ ಅಂತೆ.”

“ಬಾಡಿಗೆ ಎಷ್ಟು ಬರುತ್ತೆ?”

“ಸೈಟಿಗೆ ಯಾವ ಬಾಡಿಗೆ ಮಾಮ?”

ಅವನು ನಕ್ಕ. ನಾನೂ ನಕ್ಕೆ. ಆದರೆ ಪ್ರಶ್ನೆ ತಮಾಷೆಯದಾಗಿರಲಿಲ್ಲ. ನಮ್ಮ ಕಡೆ ಮನೆ-ಸೈಟಿನ ಮೇಲೆ ದುಡ್ಡು ಹಾಕುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಬಾಡಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಲೆ ಏರುತ್ತದೆ ಎಂದು ಕಾಯುತ್ತಾರೆ. ಐದು ವರ್ಷಕ್ಕೆ ಎರಡು ಪಟ್ಟು ಆಗಬೇಕಾದರೆ ವರ್ಷಕ್ಕೆ ಹತ್ತಿರ ಹತ್ತಿರ ಶೇ 15ರಂತೆ, ಒಂದು ವರ್ಷವೂ ತಪ್ಪದೆ, ಏರಬೇಕು. ಏರಿದ ಬಡಾವಣೆಗಳಿವೆ. ಹುಲ್ಲು ಬೆಳೆದು, ಬೇಲಿ ಕಲ್ಲು ಕಳುವಾಗಿ, ಹದಿನೈದು ವರ್ಷವಾದರೂ ಕೊಳ್ಳುವವರು ಸಿಗದೆ ಬಿದ್ದಿರುವ ಸೈಟುಗಳೂ ಇವೆ. ಮೊದಲನೆಯದರ ಕಥೆಯನ್ನು ಮದುವೆ ಮನೆಯಲ್ಲಿ ಹೇಳುತ್ತಾರೆ. ಎರಡನೆಯದರ ಕಥೆಯನ್ನು ಹೆಂಡತಿಗೂ ಹೇಳುವುದಿಲ್ಲ.

ತಾಳೆ ಸಸಿಯ ಪಕ್ಕದಲ್ಲಿ

ಭಾನುವಾರ ಅಲ್ಲಿಗೆ ಹೋದೆವು. ಬಡಾವಣೆಯ ಹುಡುಗ ನೀರಿನ ಬಾಟಲಿ ಕೊಟ್ಟು, ಗುಲಾಬಿ ಬಣ್ಣ ಬಳಿದ ಗಡಿಕಲ್ಲುಗಳ ನಡುವೆ ನಮ್ಮನ್ನು ನಡೆಸಿದ. ತಾಳೆ ಸಸಿಗಳು ಆಗತಾನೇ ನೆಟ್ಟವು, ಒಂದೆರಡು ಒಣಗಿದ್ದವು. ನಾನು ಮೊಬೈಲಿನಲ್ಲಿ ‘ದಿಶಾಂಕ್’ ತೆರೆದೆ. ಸರ್ಕಾರದ ಭೂಮಾಪನ ಇಲಾಖೆಯದೇ ಆ್ಯಪ್ ಅದು, ಪುಕ್ಕಟೆ. ನೀವು ನಿಂತ ಜಾಗದ ಸರ್ವೆ ನಂಬರು ಯಾವುದು, ಪಕ್ಕದಲ್ಲಿ ಕೆರೆಯಿದೆಯೇ, ಹಳ್ಳವಿದೆಯೇ, ಖರಾಬು ಎಷ್ಟು, ಎಲ್ಲ ಹಳೆಯ ಗ್ರಾಮ ನಕ್ಷೆಯ ಮೇಲೆ ತೋರಿಸುತ್ತದೆ. ನಾವು ನಿಂತಿದ್ದ ಸಾಲಿನ ಬೆನ್ನಿಗೇ ನೀಲಿ ಗೆರೆಯೊಂದು ಹಾದುಹೋಗಿತ್ತು. ಹುಡುಗನನ್ನು ಕೇಳಿದರೆ “ಅದೆಲ್ಲ ಹಳೇ ಮ್ಯಾಪ್ ಸಾರ್” ಅಂದ. ಅಷ್ಟರಲ್ಲಿ ಆಚೆ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೇಳದೆಯೇ ಹೇಳಿದರು: “ಕೆರೆ ಕೋಡಿ ಬಿದ್ರೆ ನೀರು ಈ ಕಡೇನೇ ಬರೋದು ಸ್ವಾಮಿ.”

ನೀರಿನ ದಾರಿಯ ಮೇಲೆ ಮನೆ ಕಟ್ಟಿದವರ ಗತಿ ಏನಾಯಿತೆಂದು ಬೆಂಗಳೂರಿಗೆ ಗೊತ್ತು. 2016ರ ಆಗಸ್ಟಿನಲ್ಲಿ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿಯೆಂದು ಜೆಸಿಬಿ ಮನೆಗಳ ಮೇಲೆ ಹರಿದಾಗ, ಅಲ್ಲಿದ್ದವರ ಕೈಯಲ್ಲಿ ಕ್ರಯಪತ್ರವೂ ಇತ್ತು, ತೆರಿಗೆ ರಸೀದಿಯೂ ಇತ್ತು, ಬ್ಯಾಂಕಿನ ಸಾಲವೂ ಇತ್ತು.

ಬಡಾವಣೆಯ ಹುಡುಗ ಕೊಟ್ಟ ಬ್ರೋಷರಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರಿನ ಜಾಗದಲ್ಲಿ ‘ಅರ್ಜಿ ಸಲ್ಲಿಸಲಾಗಿದೆ’ ಎಂದಿತ್ತು. ಇದೊಂದೇ ಸಾಲು ಸಾಕಿತ್ತು. ಜಾಗ 500 ಚದರ ಮೀಟರ್ ಮೀರದ ಅಥವಾ ಮನೆಗಳು ಎಂಟನ್ನು ಮೀರದ ಯೋಜನೆಗಳನ್ನು ಬಿಟ್ಟರೆ ಉಳಿದೆಲ್ಲಕ್ಕೂ ರೇರಾ ನೋಂದಣಿ ಕಡ್ಡಾಯ. ಸೈಟುಗಳ ಬಡಾವಣೆಗೂ ಇದೇ ನಿಯಮ. ನೋಂದಣಿ ಆಗುವ ಮುಂಚೆ ಜಾಹೀರಾತು ಕೊಡುವುದಾಗಲಿ, ಬುಕಿಂಗ್ ಹಣ ಹಿಡಿಯುವುದಾಗಲಿ ತಪ್ಪು. ‘ಪ್ರೀ-ಲಾಂಚ್ ಆಫರ್’ ಎಂದು ಕರೆಯುವುದು ಆ ತಪ್ಪನ್ನೇ. ಆದ ಮೇಲೂ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕೊಟ್ಟವರ ಹಣದಲ್ಲಿ ಶೇ 70ನ್ನು ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. 2016ರಲ್ಲಿ ಬಂದ ಕಾನೂನು ಇದು. ಒಂದು ಕಡೆಯ ದುಡ್ಡಿನಲ್ಲಿ ಇನ್ನೊಂದು ಕಡೆ ಜಮೀನು ಕೊಳ್ಳುವ ಚಾಳಿಗೆ ಹಾಕಿದ ಮೂಗುದಾರ. ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಹಾಕಿದರೆ ನಕ್ಷೆ, ಗಡುವು, ಬಂದಿರುವ ದೂರುಗಳು ಎಲ್ಲ ಸಿಗುತ್ತವೆ. ಹತ್ತು ನಿಮಿಷದ ಕೆಲಸ. ಹತ್ತು ಲಕ್ಷ ಕೊಡುವವರು ಈ ಹತ್ತು ನಿಮಿಷ ಕೊಡುವುದಿಲ್ಲ.

ವಾಪಸು ಬರುವಾಗ ನಮ್ಮ ಹುಡುಗ, ತಂಗಿಯ ಮಗ, ಪೆಚ್ಚಾಗಿದ್ದ. ಸಾದಹಳ್ಳಿ ಟೋಲು ದಾಟಿದ ಮೇಲೆ ಬಾಯಿ ಬಿಟ್ಟ. “ಹಾಗಾದ್ರೆ ಫ್ಲ್ಯಾಟ್ ನೋಡ್ಲಾ?”

ಕೆಂಪು ಶಾಯಿ

ಮುಂದಿನ ವಾರ ಅವನು ತಂದದ್ದು ಗೃಹಪ್ರವೇಶಕ್ಕೆ ಸಿದ್ಧವಿದ್ದ ಹೊಸ ಫ್ಲ್ಯಾಟಿನ ದರಪಟ್ಟಿ. 80 ಲಕ್ಷ. ಊಟದ ಮೇಜಿನ ಮೇಲೆ ಅತ್ತೆಯ ಪುಸ್ತಕದ ಕ್ರಮದಲ್ಲೇ ಲೆಕ್ಕ ಹಾಕಲು ಕೂತೆವು. ಈ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಯಾವ ಬ್ರೋಷರಿನಲ್ಲೂ ಇದು ಇರುವುದಿಲ್ಲ.

ಬ್ಯಾಂಕು ಪೂರ್ತಿ ಹಣ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಮನೆಯ ಬೆಲೆಯ ಶೇ 90, 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75 ಮಿತಿ. ಆ ಮಿತಿಯೊಳಗೂ ಬ್ಯಾಂಕು ಸಂಬಳ ನೋಡಿ ಕೊಡುತ್ತದೆ. ಅವನಿಗೆ 60 ಲಕ್ಷ ಸಿಗುತ್ತಿತ್ತು. ಕೈಯಿಂದ 20 ಲಕ್ಷ. ಅದರ ಮೇಲೆ ನೋಂದಣಿ ಖರ್ಚು. ನಗರದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ ಬೇರೆ. ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಈಗಿನ ದರದಲ್ಲಿ ಒಟ್ಟು ಶೇ 7.6, ಅಂದರೆ 80 ಲಕ್ಷಕ್ಕೆ 6 ಲಕ್ಷದ ಮೇಲೆ. ಇನ್ನೂ ಕಟ್ಟುತ್ತಿರುವ ಫ್ಲ್ಯಾಟಾದರೆ ಶೇ 5 ಜಿಎಸ್‌ಟಿ ಬೇರೆ. ಅಂತೂ 26 ಲಕ್ಷ ಕೈಯಲ್ಲಿರಬೇಕು. ಮರದ ಕೆಲಸ, ಗೀಸರು, ಫ್ಯಾನು ಇದರಲ್ಲಿ ಸೇರಿಲ್ಲ.

60 ಲಕ್ಷಕ್ಕೆ ಆಗಿನ ಶೇ 8.5 ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು 52 ಸಾವಿರ. ಮೊದಲ ವರ್ಷ ಕಟ್ಟುವ ಆರೂಕಾಲು ಲಕ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು.

ಇನ್ನು ಬರುವುದೆಷ್ಟು? ಆ ಕಟ್ಟಡದಲ್ಲಿ ಬಾಡಿಗೆ 24 ಸಾವಿರ. ಅದರಲ್ಲಿ 3 ಸಾವಿರ ಸಂಘದ ಮೇಂಟೆನೆನ್ಸಿಗೆ. ಉಳಿದ 21 ಸಾವಿರವನ್ನು ಹನ್ನೆರಡರಿಂದ ಗುಣಿಸಹೊರಟ ಹುಡುಗನ ಕೈ ಹಿಡಿದೆ. ಹನ್ನೊಂದು ಅಂದೆ. ವರ್ಷಕ್ಕೊಂದು ತಿಂಗಳು ಅತ್ತೆಯ ಕೆಂಪು ಶಾಯಿಗೆ. ಎರಡು ಲಕ್ಷ ಮೂವತ್ತೊಂದು ಸಾವಿರವಾಯಿತು. ಆಸ್ತಿ ತೆರಿಗೆ, ಸಣ್ಣಪುಟ್ಟ ರಿಪೇರಿ, ಪೇಂಟು ತೆಗೆದರೆ ಎರಡು ಲಕ್ಷ ಐದು ಸಾವಿರ. ಹಾಕಿದ 86 ಲಕ್ಷಕ್ಕೆ ಇದು ಶೇ 2.4.

ಹುಡುಗ ಕ್ಯಾಲ್ಕ್ಯುಲೇಟರನ್ನು ಎರಡು ಸಲ ಒತ್ತಿದ. “ಎಫ್‌ಡಿ ವಾಸಿ ಅಲ್ವಾ ಮಾಮ?”

ವಾಸಿಯೇ. ಬಾಡಿಗೆ ಕಳೆದು ಸಂಬಳದಿಂದ ತಿಂಗಳಿಗೆ 35 ಸಾವಿರ ಸೇರಿಸಬೇಕು. ಬ್ಯಾಂಕು ಕೇಳುವುದು ಶೇ 8.5, ಮನೆ ಕೊಡುವುದು ಶೇ 2.4, ನಡುವಿನ ಶೇ 6 ನೆಲದ ಬೆಲೆ ಏರಿ ತುಂಬಿಕೊಡಬೇಕು. ಅದೂ ಬರೀ ಸರಿದೂಗಿಸಲಿಕ್ಕೆ. ಹಾಗೆಂದು ಇದು ದಡ್ಡತನವೆಂದು ನಾನು ಹೇಳಲಾರೆ. ಸಾಲದ ಕಂತು ಇಪ್ಪತ್ತು ವರ್ಷ ಏರುವುದಿಲ್ಲ (ಬಡ್ಡಿ ಏರದಿದ್ದರೆ), ಬಾಡಿಗೆ ಏರುತ್ತದೆ. ಬಲವಂತದ ಉಳಿತಾಯವೂ ಆಗುತ್ತದೆ, ಎಫ್‌ಡಿಯನ್ನು ಯಾರದೋ ಮದುವೆಗೆ ಮುರಿದಂತೆ ಫ್ಲ್ಯಾಟನ್ನು ಮುರಿಯಲಾಗುವುದಿಲ್ಲ. ಆದರೆ ಲೆಕ್ಕ ಗೊತ್ತಿದ್ದು ಇಳಿಯುವುದು ಬೇರೆ, ‘ಬಾಡಿಗೆಯಲ್ಲೇ ಇಎಂಐ ಹೋಗುತ್ತೆ ಸಾರ್’ ಎಂಬ ಮಾತು ನಂಬಿ ಇಳಿಯುವುದು ಬೇರೆ. ಬೆಂಗಳೂರಿನಲ್ಲಿ ಸಾಲ ಮಾಡಿ ಕೊಂಡ ಮನೆಯ ಬಾಡಿಗೆಯಲ್ಲಿ ಕಂತು ಹೋಗುವುದನ್ನು ನಾನಂತೂ ನೋಡಿಲ್ಲ.

ತೆರಿಗೆಯ ವಿಚಾರ ಚುಟುಕಾಗಿ. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು ಉಳಿದದ್ದರ ಶೇ 30ಕ್ಕೆ, ನೀವು ಖರ್ಚು ಮಾಡಿರಲಿ ಬಿಡಲಿ, ಆದಾಯ ತೆರಿಗೆಯಿಲ್ಲ. ಬಡ್ಡಿಯನ್ನೂ ಕಳೆಯಬಹುದು. ಬಡ್ಡಿ ಹೆಚ್ಚಾಗಿ ‘ನಷ್ಟ’ ಬಂದರೆ ಹಳೆಯ ಪದ್ಧತಿಯಲ್ಲಿ 2 ಲಕ್ಷದವರೆಗೆ ಸಂಬಳಕ್ಕೆ ವಜಾ ಹಾಕಬಹುದು, ಹೊಸ ಪದ್ಧತಿಯಲ್ಲಿ ಹಾಕುವಂತಿಲ್ಲ. ‘ಟ್ಯಾಕ್ಸ್ ಉಳಿಸಲು ಎರಡನೇ ಮನೆ’ ಎಂಬ ಹಿರಿಯರ ಸಲಹೆ ಹೊಸ ಪದ್ಧತಿಗೆ ಹೋದವರಿಗೆ ಸವಕಲು ನಾಣ್ಯ.

ಭೋಗ್ಯದ ಆಸೆ

ಈ ಹೊತ್ತಿಗೆ ನನ್ನ ಭಾವ ಬಾಯಿ ಹಾಕಿದರು. “ಬಾಡಿಗೆ ಯಾಕೆ? ಭೋಗ್ಯಕ್ಕೆ ಹಾಕಿ, ಬಂದ ದುಡ್ಡನ್ನ ಸಾಲಕ್ಕೆ ಕಟ್ಟಿಬಿಡ್ಲಿ.”

ಬೆಂಗಳೂರು, ಮೈಸೂರಿನ ಓದುಗರಿಗೆ ಭೋಗ್ಯ ಹೇಳಿಕೊಡಬೇಕಿಲ್ಲ. ಮನೆಗೆ ಬರುವವರು ಒಂದು ದೊಡ್ಡ ಮೊತ್ತ ಕೊಡುತ್ತಾರೆ, ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ, ಹೋಗುವಾಗ ಅಷ್ಟೂ ಹಣ ವಾಪಸು ಒಯ್ಯುತ್ತಾರೆ. ಈ ಪದ್ಧತಿ ಹುಟ್ಟಿದ್ದಕ್ಕೆ ಕಾರಣವಿದೆ. ಮನೆ ಕಟ್ಟುವವರಿಗೆ ಬ್ಯಾಂಕು ಸುಲಭವಾಗಿ ಸಾಲ ಕೊಡದ ಕಾಲದಲ್ಲಿ ಹೊರಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ ನೂರಕ್ಕೆ ಎರಡು, ಅಂದರೆ ವರ್ಷಕ್ಕೆ ಶೇ 24. ಅಂಥ ಸಾಲವಿದ್ದವನಿಗೆ ಭೋಗ್ಯದ 15 ಲಕ್ಷ ತಿಂಗಳಿಗೆ 30 ಸಾವಿರ ಬಡ್ಡಿ ಉಳಿಸುತ್ತದೆ, ಬಾಡಿಗೆಗಿಂತ ಮೇಲು. ಈಗ ಗೃಹಸಾಲ ಶೇ 8ರ ಆಸುಪಾಸಿನಲ್ಲಿದೆ. ಅದೇ 15 ಲಕ್ಷ ಉಳಿಸುವುದು ತಿಂಗಳಿಗೆ 10 ಸಾವಿರ. 24 ಸಾವಿರ ಬಾಡಿಗೆ ಬಿಟ್ಟು 10 ಸಾವಿರಕ್ಕೆ ಕೈ ಚಾಚಿದಂತೆ. ಮೇಲಾಗಿ ಮೂರು ವರ್ಷದ ಕೊನೆಗೆ 15 ಲಕ್ಷ ಒಟ್ಟಿಗೆ ಹೊಂದಿಸಬೇಕು. ಹೊಂದದಿದ್ದಾಗ ಹೊಸಬರಿಂದ ಇಸಿದು ಹಳಬರಿಗೆ ಕೊಡುತ್ತಾರೆ. ಸರಪಳಿ ಎಲ್ಲಿಯಾದರೂ ಕಡಿದ ದಿನ ಬಾಗಿಲ ಮುಂದೆ ಪೊಲೀಸ್ ಜೀಪು. ಬ್ಯಾಂಕಿಗೆ ಅಡವಿಟ್ಟ ಮನೆಯನ್ನು ಬ್ಯಾಂಕಿಗೆ ಹೇಳದೆ ಭೋಗ್ಯಕ್ಕೆ ಕೊಟ್ಟು, ಕಂತು ತಪ್ಪಿದ ಮೇಲೆ ಭೋಗ್ಯದಾರರು ಬೀದಿಗೆ ಬಿದ್ದ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಎಷ್ಟು ಓದಿಲ್ಲ.

ಭಾವ ಒಪ್ಪಲಿಲ್ಲ. ಅವರ ಮೈಸೂರಿನ ಮನೆ ಇವತ್ತಿಗೂ ಭೋಗ್ಯದಲ್ಲಿದೆ.

ವಕೀಲರ ಮೇಜು

ಇಷ್ಟಾದ ಮೇಲೆ ಹುಡುಗ ಹೊಸ ಫ್ಲ್ಯಾಟು ಬಿಟ್ಟ, ಹಳೆಯದನ್ನು ಹುಡುಕತೊಡಗಿದ. ಮೊದಲು ಇಷ್ಟವಾದದ್ದು ಉತ್ತರಹಳ್ಳಿ ಕಡೆಯ ಒಂದು ಫ್ಲ್ಯಾಟು. ಗಾಳಿ ಬೆಳಕು ಚೆನ್ನಾಗಿತ್ತು. ಮಾರುವವರು ಒಳ್ಳೆಯವರು, ಕಾಫಿ ಕೊಟ್ಟರು. ಜೆರಾಕ್ಸ್ ಕಟ್ಟು ಹಿಡಿದು ಬಸವನಗುಡಿಯ ನಮ್ಮ ಪರಿಚಯದ ವಕೀಲರ ಮುಂದೆ ಕೂತೆವು.

ಅವರು ಓದುವ ಕ್ರಮ ನೋಡುವಂಥದ್ದು. ನಾವು ಕ್ರಯಪತ್ರ ಮೊದಲು ತೆಗೆದುಕೊಟ್ಟರೆ ಅದನ್ನು ಪಕ್ಕಕ್ಕಿಟ್ಟರು. ಹಳೆಯ ಪತ್ರದಿಂದ ಶುರು. ಈ ಜಾಗ ಹೊಲವಾಗಿದ್ದಾಗ ಯಾರದು? ಪಹಣಿಯಲ್ಲಿ ಯಾರ ಹೆಸರಿತ್ತು? ಅವರಿಗೆ ಹೇಗೆ ಬಂತು, ಪಿತ್ರಾರ್ಜಿತವೋ, ಸ್ವಯಾರ್ಜಿತವೋ, ಸರ್ಕಾರ ಮಂಜೂರು ಮಾಡಿದ್ದೋ? ಕೊನೆಯ ಪ್ರಶ್ನೆ ಕೇಳುವಾಗ ಕನ್ನಡಕದ ಮೇಲಿಂದ ನೋಡಿದರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟ ಊರ್ಜಿತವಲ್ಲ. ಈ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿಯಿಲ್ಲ ಎನ್ನುವ ತಿದ್ದುಪಡಿಯೂ 2023ರಲ್ಲಿ ಬಂದಿದೆ. ಬಡವರ ಜಮೀನನ್ನು ಮೂರು ಕಾಸಿಗೆ ಬರೆಸಿಕೊಂಡವರ ವಿರುದ್ಧ ಬಂದ ಕಾನೂನು ಅದು, ಇರಬೇಕಾದ್ದೇ. ಆದರೆ ಆ ಜಮೀನಿನ ಮೇಲೆ ಎದ್ದ ನಾಲ್ಕನೇ ಮಹಡಿಯ ಫ್ಲ್ಯಾಟು ಕೊಂಡವನಿಗೆ ನೆಲದ ಈ ಹಳೆಯ ಕಥೆ ಯಾರೂ ಹೇಳಿರುವುದಿಲ್ಲ.

ಈ ಜಾಗ ಮಂಜೂರಾತಿಯದಲ್ಲ. ಪಿತ್ರಾರ್ಜಿತ. ವಕೀಲರು ವಂಶವೃಕ್ಷ ಬಿಡಿಸಿ ಪೆನ್ಸಿಲಿನಿಂದ ಎಣಿಸಿದರು.

“2008ರಲ್ಲಿ ಮೂವರು ಅಣ್ಣತಮ್ಮಂದಿರು ಜಾಗ ಬಿಲ್ಡರಿಗೆ ಕೊಟ್ಟಿದ್ದಾರೆ. ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಪತ್ರದಲ್ಲಿ ಅವರ ಸಹಿ ಎಲ್ಲಿ?”

ಸಹಿ ಇರಲಿಲ್ಲ. ಹಕ್ಕು ಬಿಡುಗಡೆ ಪತ್ರವೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. 2005ರಲ್ಲಿ ಅದು ಇಡೀ ದೇಶಕ್ಕೆ ಇನ್ನೂ ವಿಸ್ತಾರವಾಗಿ ಬಂತು. ಆದರೂ ಅಕ್ಕತಂಗಿಯರ ಸಹಿಯನ್ನು ಅರಿಶಿನ ಕುಂಕುಮದಲ್ಲಿ ಮುಗಿಸುವ ಮನೆಗಳು ಈಗಲೂ ಇವೆ. “ಅವರು ಕೇಸು ಹಾಕ್ತಾರೆ ಅಂತಲ್ಲ” ಎಂದರು ವಕೀಲರು ಕಟ್ಟನ್ನು ವಾಪಸು ಕೊಡುತ್ತ. “ಹಾಕಬಹುದು. ನಾಳೆ ನೀವು ಮಾರೋವಾಗ ಕೊಳ್ಳೋನ ವಕೀಲನೂ ಹಿಂಗೇ ಎಣಿಸ್ತಾನೆ.”

ವಕೀಲರ ಫೀಸು ಕೊಟ್ಟು ಬಂದ ಹುಡುಗ ದುಡ್ಡು ದಂಡವಾಯಿತೆಂದು ಗೊಣಗಿದ. ನನ್ನ ಲೆಕ್ಕದಲ್ಲಿ ಆ ವರ್ಷ ಅವನು ಖರ್ಚು ಮಾಡಿದ್ದರಲ್ಲಿ ದಂಡವಾಗದೆ ಹೋದದ್ದು ಅದೇ.

ಖಾತೆಯ ಗೊಂದಲದ ಬಗ್ಗೆಯೂ ಒಂದು ಮಾತು, ಏಕೆಂದರೆ ಹೊಸಬರು ಜಾರುವುದು ಅಲ್ಲೇ. ಖಾತೆ ತೆರಿಗೆಯ ಲೆಕ್ಕ, ಒಡೆತನಕ್ಕೆ ಸಾಕ್ಷಿ ಕ್ರಯಪತ್ರ. ‘ಎ’ ಖಾತೆ ಎಂದರೆ ಭೂಪರಿವರ್ತನೆ, ನಕ್ಷೆ ಮಂಜೂರಾತಿಗಳೆಲ್ಲ ಕ್ರಮಬದ್ಧವಾಗಿರುವ ಆಸ್ತಿ. ಅವಿಲ್ಲದವುಗಳಿಂದಲೂ ತೆರಿಗೆ ವಸೂಲಿ ಮಾಡಲು ಪಾಲಿಕೆ ಇಟ್ಟುಕೊಂಡ ರಿಜಿಸ್ಟರೇ ‘ಬಿ’. ಹಳ್ಳಿ ಕಡೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಕೊಟ್ಟರೆ ಒಂದು ಅರ್ಥ, 11ಬಿ ಕೊಟ್ಟರೆ ಇನ್ನೊಂದು. ‘ಡಿಸಿ ಕನ್ವರ್ಷನ್ ಆಗಿದೆ’ ಎಂಬ ಮಾತೂ ಹಾಗೆಯೇ. ಕೃಷಿಯಿಂದ ವಸತಿಗೆ ಪರಿವರ್ತನೆಯಾದದ್ದು ಒಂದು ಮೆಟ್ಟಿಲು, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಅದರ ಮೇಲಿನದು. ಎರಡನೆಯದಿಲ್ಲದ್ದನ್ನೇ ನಾವು ರೆವೆನ್ಯೂ ಸೈಟು ಎನ್ನುವುದು. 2024ರ ಅಕ್ಟೋಬರಿನಿಂದ ಇ-ಖಾತೆಯಿಲ್ಲದೆ ನೋಂದಣಿಯಾಗದಂತಾದ ಮೇಲೆ ಎಷ್ಟೋ ಜನರಿಗೆ ತಮ್ಮ ಕೈಲಿದ್ದುದು ಏನೆಂದು ಮೊದಲ ಸಲ ಗೊತ್ತಾಯಿತು. ‘ಬಿ’ಯನ್ನು ‘ಎ’ ಮಾಡಿಕೊಡುವ ಯೋಜನೆಯನ್ನು ಸರ್ಕಾರ 2025ರಲ್ಲಿ ಪ್ರಕಟಿಸಿತು, ಶುಲ್ಕ ಕಟ್ಟಬೇಕು. ‘ಆಮೇಲೆ ಎ ಆಗುತ್ತೆ, ಈಗ ಅಗ್ಗಕ್ಕೆ ಸಿಗುತ್ತಿದೆ’ ಎನ್ನುವವರು ಜೂಜುಗಾರಿಕೆಯಲ್ಲಿ ಪಳಗಿದವರಾಗಿರಬಹುದು, ಮೊದಲ ಸಲ ಕೊಳ್ಳುವವರಿಗೆ ಅದು ಬೇಡ. ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಆಸ್ತಿ ಕೊಳ್ಳುವುದಂತೂ ಬೇಡವೇ ಬೇಡ. ಅದರಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟವಾಗಿ ಹೇಳಿಯಾಗಿದೆ.

ಏಪ್ರಿಲ್ ತಿಂಗಳಲ್ಲಿ ಎಷ್ಟು ಟ್ಯಾಂಕರ್?

ಕೊನೆಗೆ ಸಿಕ್ಕಿದ್ದು ಹದಿನಾಲ್ಕು ವರ್ಷ ಹಳೆಯ ಎರಡು ಬೆಡ್‌ರೂಮಿನ ಫ್ಲ್ಯಾಟು, ಹುಡುಗನ ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷ. 60x80ರ ಜಾಗದಲ್ಲಿ ಹನ್ನೆರಡು ಮನೆ. ಈಜುಕೊಳವಿಲ್ಲ, ಜಿಮ್ಮಿಲ್ಲ, ಲಿಫ್ಟು ನರಳುತ್ತದೆ. ಆದರೆ 4,800 ಚದರ ಅಡಿ ನೆಲಕ್ಕೆ ಹನ್ನೆರಡು ಪಾಲಾದರೆ ಒಬ್ಬೊಬ್ಬರಿಗೆ 400 ಚದರ ಅಡಿ ನೆಲ. ಪತ್ರದಲ್ಲಿ ಇದನ್ನು ಅವಿಭಜಿತ ಪಾಲು, ಯುಡಿಎಸ್ ಎಂದು ಬರೆದಿರುತ್ತಾರೆ, ಓದದೆ ಸಹಿ ಹಾಕುತ್ತೇವೆ. ಗೋಡೆ ವರ್ಷವರ್ಷ ಹಳತಾಗುತ್ತ ಹೋಗುತ್ತದೆ, ಬೆಲೆ ಬೆಳೆಯುವುದಿದ್ದರೆ ಈ ನೆಲದ್ದು. ಎತ್ತರದ ಹೊಸ ಕಟ್ಟಡದಲ್ಲಿ ಅದೇ ಅಳತೆಯ ಮನೆಗೆ ನೆಲದ ಪಾಲು ಇದಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ.

ಮನೆ ನೋಡಲು ಮಾರುವವರು ಹೇಳಿದ ಬೆಳಗಿನ ಹೊತ್ತಿಗೆ ಹೋಗದೆ ರಾತ್ರಿ ಒಂಬತ್ತಕ್ಕೆ ಹೋದೆವು, ಪಾರ್ಕಿಂಗ್ ಜಗಳ ಆಗ ಕಾಣುತ್ತದೆ. ಕೆಳಗಿನ ಮನೆಯವರನ್ನು ಕೇಳಿಕೊಂಡು ಅವರ ಬಚ್ಚಲಿನ ಸೂರು ನೋಡಿದೆವು. ಮೇಲಿನ ಮನೆಯ ಪೈಪು ಸೋರುತ್ತಿದ್ದರೆ ಸುಳ್ಳು ಹೇಳದ ಜಾಗ ಅದು. ವಾಚ್‌ಮನ್‌ಗೆ ಕೇಳಿದ ಪ್ರಶ್ನೆ ಒಂದೇ: “ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತಪ್ಪ?” 2024ರ ಬೇಸಿಗೆಯಲ್ಲಿ ಬೋರು ಬತ್ತಿ, ಟ್ಯಾಂಕರಿಗೆ ಕೈಮುಗಿದ ಮೇಲೆ ಬಾಡಿಗೆದಾರರು ಮೊದಲು ಕೇಳುವುದೇ ಕಾವೇರಿ ನೀರು ಉಂಟೋ ಎಂದು. ಉಂಟು, ವಾರಕ್ಕೆ ಮೂರು ದಿನ ಎಂದ.

52 ಲಕ್ಷಕ್ಕೆ ಮಾತು ಮುಗಿಯಿತು. ಆಗಸ್ಟ್ 31ಕ್ಕೆ ಮುಂಚೆ ನೋಂದಣಿ ಮಾಡಿಸಿದ್ದರೆ 52 ಸಾವಿರ ಉಳಿಯುತ್ತಿತ್ತು, ಶುಲ್ಕ ಏರಿದ ಮೇಲೆ ನೋಂದಣಿ ಖರ್ಚೇ 3 ಲಕ್ಷ 95 ಸಾವಿರ. ಕೈಯಿಂದ ಹೋದದ್ದು ಹೊಸ ಫ್ಲ್ಯಾಟಿಗೆ ಹೋಗುತ್ತಿದ್ದಷ್ಟೇ, ಸುಮಾರು 26 ಲಕ್ಷ. ಆದರೆ ಸಾಲ 30 ಲಕ್ಷ ಮಾತ್ರ. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಕಂತುಕಂತಾಗಿ ಇಳಿಸಿದ್ದರಿಂದ ಶೇ 7.5ಕ್ಕೆ ಸಿಕ್ಕಿತು. ಕಂತು 24 ಸಾವಿರ. ಬಾಡಿಗೆ 19 ಸಾವಿರದಲ್ಲಿ ಮೇಂಟೆನೆನ್ಸು, ಕೆಂಪು ಶಾಯಿಯ ತಿಂಗಳು, ತೆರಿಗೆ, ರಿಪೇರಿ ಕಳೆದರೆ ವರ್ಷಕ್ಕೆ ಒಂದು ಲಕ್ಷ ಅರವತ್ತು ಸಾವಿರ, ಶೇ 2.9. ಸಂಬಳದಿಂದ ಸೇರಿಸಬೇಕಾದ್ದು ತಿಂಗಳಿಗೆ 10-11 ಸಾವಿರ. ಕೆಲಸ ಹೋದರೂ ಆರು ತಿಂಗಳು ಉಸಿರು ಹಿಡಿದಿರಬಹುದು. ಅವನು ಇರುವ ಕ್ಷೇತ್ರದಲ್ಲಿ ಈ ಲೆಕ್ಕ ಹಾಕದೆ ವಿಧಿಯಿಲ್ಲ.

ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಪ್ರಕಾರ ಹನ್ನೊಂದೂವರೆಗೆ ಸರದಿ, ಸರ್ವರಿನ ಪ್ರಕಾರ ಎರಡೂ ಮುಕ್ಕಾಲಿಗೆ. ಅಷ್ಟರಲ್ಲಿ ಒಂದು ರಾದ್ಧಾಂತ. ಆಸ್ತಿಯ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1ನ್ನು ಟಿಡಿಎಸ್ ಹಿಡಿದು ಆದಾಯ ತೆರಿಗೆಗೆ ಕಟ್ಟಬೇಕು. ಹುಡುಗ 52 ಸಾವಿರ ಹಿಡಿದು ಡಿಡಿ ತಂದಿದ್ದ. (ಮತ್ತೆ ಅದೇ 52 ಸಾವಿರ!) ಮಾರುವ ಹಿರಿಯರು ಕೆರಳಿದರು. “ನನ್ನ ದುಡ್ಡು ಹಿಡಿಯೋಕೆ ನೀವ್ಯಾರ್ರೀ?” ಅವರ ಮಗಳು ಹೈದರಾಬಾದಿನಿಂದ ಫೋನಿನಲ್ಲಿ ಸಮಾಧಾನ ಹೇಳಬೇಕಾಯಿತು. ಮಾರುವವರು ಅನಿವಾಸಿಗಳಾಗಿದ್ದರೆ ಹಿಡಿಯಬೇಕಾದ ಮೊತ್ತ ಇದಕ್ಕಿಂತ ಬಹಳ ದೊಡ್ಡದು, ಅದಕ್ಕೆ ಲೆಕ್ಕಪರಿಶೋಧಕರನ್ನು ಮೊದಲೇ ಕಾಣಬೇಕು. ಇನ್ನು ‘ಸ್ವಲ್ಪ ಬ್ಲ್ಯಾಕ್ ಇಟ್ಕೊಳ್ಳೋಣ’ ಎಂಬ ಮಾತು ಇಲ್ಲೂ ಬಂದಿತ್ತು. ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಇವತ್ತು ಶುಲ್ಕ ಉಳಿಸಿದರೆ, ನಾಳೆ ಮಾರುವಾಗ ಆ ಉಳಿಕೆಯೂ ಲಾಭದಂತೆ ಕಂಡು ಶೇ 12.5 ತೆರಿಗೆ ಬೀಳುತ್ತದೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದೇ ಕಾನೂನಿಗೆ ವಿರುದ್ಧ, ದಂಡ ಬೀಳುತ್ತದೆ. ಹುಡುಗ ಒಲ್ಲೆ ಅಂದ. ಈ ತಲೆಮಾರಿನಲ್ಲಿ ನನಗೆ ಹಿಡಿಸುವ ಗುಣ.

ಹೆಬ್ಬೆಟ್ಟು, ಫೋಟೊ, ಸಾಕ್ಷಿ ಸಹಿ. ಐದು ನಿಮಿಷ.

ಬಾಡಿಗೆಗಿದೆ

ಬೋರ್ಡು ಹಾಕಿದ ದಿನದಿಂದ ಅವನ ತಾಯಿಯ, ಅಂದರೆ ನನ್ನ ತಂಗಿಯ, ಷರತ್ತುಗಳು ಶುರುವಾದವು. ಬ್ಯಾಚುಲರ್ ಬೇಡ. ಮಾಂಸ ತಿನ್ನುವವರು ಬೇಡ. ‘ನಮ್ಮವರೇ’ ಆದರೆ ಒಳ್ಳೆಯದು. ಅತ್ತೆಯೂ ವಠಾರದಲ್ಲಿ ಜಾತಿ ಕೇಳುತ್ತಿದ್ದರು, ಮುಚ್ಚಿಡುವುದೇನಿಲ್ಲ. ಅವರ ಪುಸ್ತಕದಲ್ಲಿ ಮೂರನೇ ನಂಬರಿನ ಮನೆ ಒಮ್ಮೆ ಐದು ತಿಂಗಳು ಕೆಂಪು ಶಾಯಿಯಲ್ಲಿತ್ತು. ಕೇಳಿಕೊಂಡು ಬಂದಿದ್ದ ಮೇಷ್ಟ್ರೊಬ್ಬರನ್ನು ಜಾತಿಯ ಕಾರಣಕ್ಕೆ ವಾಪಸು ಕಳಿಸಿದ್ದರು ಎಂಬುದು ಆ ಪುಟದಲ್ಲಿ ಬರೆದಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇಲ್ಲಿ ಒಂದು ತಿಂಗಳು ಖಾಲಿ ಬಿದ್ದ ಮೇಲೆ ಹುಡುಗ ಯಾರನ್ನೂ ಕೇಳದೆ, ಆಸ್ಪತ್ರೆಯೊಂದರಲ್ಲಿ ನರ್ಸುಗಳಾಗಿರುವ ಇಬ್ಬರು ಹೆಣ್ಣುಮಕ್ಕಳಿಗೆ ಕೊಟ್ಟ. ಕೊಟ್ಟಾಯಂ ಕಡೆಯವರು. ತಂಗಿ ಎರಡು ವಾರ ಮಾತು ಬಿಟ್ಟಳು. ಕರಾರು ಹನ್ನೊಂದು ತಿಂಗಳದು. ವರ್ಷ ದಾಟಿದ ಕರಾರನ್ನು ನೋಂದಾಯಿಸಲೇಬೇಕು ಎಂಬ ಕಾರಣಕ್ಕೆ ಇಡೀ ದೇಶದಲ್ಲಿ ಬಾಡಿಗೆಯ ವರ್ಷಕ್ಕೆ ಹನ್ನೊಂದೇ ತಿಂಗಳು. ಅಡ್ವಾನ್ಸು ಎಷ್ಟು ಕೇಳಲಿ ಎಂದು ನನ್ನನ್ನು ಕೇಳಿದ. ಹತ್ತು ತಿಂಗಳ ಅಡ್ವಾನ್ಸು ಬೆಂಗಳೂರಿನ ಹಳೆಯ ರೂಢಿ. ಕೇಂದ್ರ 2021ರಲ್ಲಿ ರೂಪಿಸಿದ ಮಾದರಿ ಕಾಯ್ದೆ ಎರಡು ತಿಂಗಳು ಸಾಕು ಅನ್ನುತ್ತದೆ, ಊರು ಅದನ್ನು ಕೇಳಿಸಿಕೊಂಡಂತಿಲ್ಲ. ನಾಲ್ಕು ತಿಂಗಳದ್ದು ತೆಗೆದುಕೊಂಡ. ಅದನ್ನು ಬೇರೆ ಖಾತೆಯಲ್ಲಿಡು, ನಿನ್ನದಲ್ಲ ಅದು ಎಂದೆ. ಗೋಡೆ, ನಲ್ಲಿ, ಸ್ವಿಚ್‌ಬೋರ್ಡುಗಳ ಫೋಟೊ ತೆಗೆದು ಅವರಿಗೂ ಕಳಿಸಿದ. ಬಿಡುವಾಗಿನ ಜಗಳಕ್ಕೆ ಬರುವಾಗಲೇ ಮದ್ದು.

ಪುಸ್ತಕ ಕೊಳ್ಳು ಎಂದರೆ ಮೊಬೈಲಿನಲ್ಲಿ ಶೀಟು ಮಾಡಿಕೊಂಡಿದ್ದೇನೆ ಅಂದ. ತೋರಿಸಿದ. ಖಾಲಿ ಬಿದ್ದ ಮೊದಲ ತಿಂಗಳ ಚೌಕಕ್ಕೆ ಕೆಂಪು ಬಣ್ಣ ತುಂಬಿದ್ದ.

ಹೋದ ವಾರ ಬೆಳಿಗ್ಗೆ ಆರಕ್ಕೆ ನನಗೆ ಫೋನು ಮಾಡಿದ. ನಿದ್ದೆಗಣ್ಣು, ಹಿಂದಿನಿಂದ ಬೈಕಿನ ಸದ್ದು.

“ಮಾಮ, ಆ ಹುಡುಗೀರು ಫೋನ್ ಮಾಡಿದ್ರು. ಸಂಪಿನ ಮೋಟರ್ ಸುಟ್ಟೋಗಿದೆಯಂತೆ, ಇಬ್ರಿಗೂ ಏಳು ಗಂಟೆಗೆ ಡ್ಯೂಟಿ. ಪ್ಲಂಬರ್ ನಂಬರ್ ಇದ್ಯಾ?”